ರವಿವಾರದ ನೆವ

ನಮ್ಮ ಮನೆಯಲ್ಲಿ ಕೇಳುವ ಪದ್ಧತಿ ಇರಲಿಲ್ಲ. ಇನ್ನೊಂದು ರೊಟ್ಟಿ ಹಾಕಲೇನು ಎಂದು ಕೇಳುತ್ತಿದ್ದರು, ಕೊಡೆ ತಗೊಂಡೆಯಾ ಎಂದು ಕೇಳುತ್ತಿದ್ದರು. ಅದರಾಚೆಗಿನ ಪ್ರಶ್ನೆಗೆ ನಮ್ಮ ಮೂರು ಖೋಲಿಗಳಲ್ಲಿ ಜಾಗವಿರಲಿಲ್ಲ. ಬೇರೆಯವರ ಮನೆಯ ಮಕ್ಕಳು ಯಾಕೆ, ಎಲ್ಲಿ, ಹೇಗೆ ಎಂದು ತಲೆ ತಿನ್ನುವುದನ್ನು ಕಂಡಾಗ ಅವರಿಗೆ ಯಾರೂ ಬುದ್ಧಿ ಕಲಿಸಿಲ್ಲ ಎಂದೇ ನಾನು ತಿಳಿದಿದ್ದೆ. ನಮ್ಮಲ್ಲಿ ಎಲ್ಲವನ್ನೂ ತಿಳಿದುಕೊಳ್ಳಬೇಕಿತ್ತು: ಅವ್ವ ಪಾತ್ರೆ ಇಡುವ ಸದ್ದಿನಿಂದ, ಅಪ್ಪ ಚಪ್ಪಲಿ ಬಿಡುವ ರೀತಿಯಿಂದ, ತಾಟಿನಲ್ಲಿ ಉಳಿದ ಅನ್ನದಿಂದ. ಈ ವಿದ್ಯೆಯಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಸೊಕ್ಕು ನನಗೆ ಅರವತ್ತು ದಾಟಿದ ಮೇಲೂ ಇತ್ತು. ನನ್ನ ಗಂಡ ಪುಣೆಗೆಂದು ಹೋದವನು ಅಲ್ಲೇ ಉಳಿದಾಗಲೂ ನಾನು ಯಾಕೆಂದು ಕೇಳಲಿಲ್ಲ; ತಿಳಿದುಕೊಂಡೆ. ತಿಳಿದುಕೊಂಡದ್ದು ಸರಿಯೋ ತಪ್ಪೋ ಎಂದು ಇವತ್ತಿಗೂ ಗೊತ್ತಿಲ್ಲ.

ನಾಶಿಕದ ಹತ್ತಿರ, ದೇವಳಾಲಿಯ ಫೌಜಿ ಕ್ಯಾಂಪಿನ ಹಿಂದಿನ ಓಣಿಯಲ್ಲಿ ನಮ್ಮ ಬಾಡಿಗೆ ಮನೆ. ಮುಂದಿನ ಭಾಗದಲ್ಲಿ ಮನೆಯ ಒಡತಿ, ಒಬ್ಬ ಮರಾಠಿ ಆಜಿ, ಹಿಂದೆ ನಾವು. ಪಡಸಾಲೆ, ನಡುಮನೆ, ಅಡುಗೆಮನೆ ಒಂದರ ಹಿಂದೊಂದು. ಬಾಗಿಲಲ್ಲಿ ನಿಂತವರಿಗೆ ಹಿತ್ತಲಿನ ಬಚ್ಚಲವರೆಗೂ ಎಲ್ಲ ಕಾಣುತ್ತಿತ್ತು. ಅಪ್ಪ ಬ್ಯಾಂಕಿನಲ್ಲಿ ಕಾರಕೂನ. ಧಾರವಾಡದಿಂದ ವರ್ಗವಾಗಿ ಬರುವಾಗ ಮೂರು ವರ್ಷದ ಮಾತು ಎಂದು ಹೊರಟವರು. ಮೂರು ವರ್ಷಕ್ಕಾಗಿ ಯಾಕೆ ಬಿಚ್ಚಬೇಕು ಎಂದು ಎರಡು ದೊಡ್ಡ ಟ್ರಂಕುಗಳನ್ನು ಬಿಚ್ಚಲೇ ಇಲ್ಲ. ಚಾದರ ಹಾಸಿದರೆ ಬಂದವರಿಗೆ ಅದೇ ಬೈಠಕು. ಗೋಡೆಗೆ ಮೊಳೆ ಹೊಡೆಯಲಿಲ್ಲ, ಹಿತ್ತಲಲ್ಲಿ ಗಿಡ ಹಚ್ಚಲಿಲ್ಲ. ಫೌಜಿನವರ ತೋಪಿನ ಅಭ್ಯಾಸವಿದ್ದ ದಿನ ಅಡುಗೆಮನೆಯ ತಾಟುಗಳು ಗಲಗಲ ಅನ್ನುತ್ತಿದ್ದವು. ಅವ್ವ ತಾಟುಗಳ ನಡುವೆ ಹಳೆ ಪೇಪರು ಸೇರಿಸಿಟ್ಟು ಅವುಗಳ ಬಾಯಿಯನ್ನೂ ಮುಚ್ಚಿಸಿದಳು. ನಾಳೆ ಹೊರಡುವವರ ಹಾಗೆ ಇವತ್ತು ಬದುಕುವುದು ವರ್ಗದ ನೌಕರರ ಜಾತಿಗುಣ. ಮನೆಯಲ್ಲಿ ಸಾವಾದಾಗಲೂ ನಮ್ಮವರು ಹಾಗೇ ನಡೆದುಕೊಂಡರು.

ನನಗೆ ಎಂಟು ವರ್ಷವಿದ್ದಾಗ ಅವ್ವ ಎರಡನೆಯದನ್ನು ಹಡೆದಳು. ಚೊಚ್ಚಲು ತವರಿನಲ್ಲಿ, ಎರಡನೆಯದು ಗಂಡನ ಮನೆಯಲ್ಲಿ ಎಂದು ದೇವಳಾಲಿಯಲ್ಲೇ ಆಯಿತು. ಹೆಣ್ಣು ಕೂಸು. ನಡುಮನೆಯ ಹೊರಸಿನ ಮೇಲೆ ಅವ್ವ, ಕೆಳಗೆ ಕೆಂಡದ ಅಗ್ಗಿಷ್ಟಿಕೆ, ಅದರಲ್ಲಿ ಓಮಿನಕಾಳು ಮತ್ತು ಬಳ್ಳೊಳ್ಳಿ ಸಿಪ್ಪೆಯ ಹೊಗೆ. ಹನ್ನೆರಡನೆಯ ದಿನ ಹೆಸರಿಡುವುದಿತ್ತು. ಆಜಿ ತನ್ನ ತೊಟ್ಟಿಲನ್ನು ತೊಳೆದು ಒಣಗಿಸಿ ನಮ್ಮ ಪಡಸಾಲೆಗೆ ತಂದಿಟ್ಟಿದ್ದಳು. ಒಂಬತ್ತನೆಯ ದಿನ ಬೆಳಿಗ್ಗೆ ಕೂಸು ಮೊಲೆ ಹಿಡಿಯಲಿಲ್ಲ. ಮಧ್ಯಾಹ್ನ ಅಪ್ಪ ಬ್ಯಾಂಕಿನಿಂದ ಬಂದವರು ಸೀದಾ ಅಡುಗೆಮನೆಗೆ ಹೋಗಿ ಉಪ್ಪಿನ ಭರಣಿಯನ್ನು ಹಾಗೇ ಎತ್ತಿಕೊಂಡು ಹೊರಬಂದರು. ಬಾಗಿಲಲ್ಲಿ ಕ್ಯಾಂಪಿನ ಉಡುಪಿ ಹೋಟೆಲಿನ ಶೆಟ್ಟರು ಸಲಿಕೆ ಹಿಡಿದು ನಿಂತಿದ್ದರು. ಭರಣಿಯನ್ನು ಅವರ ಕೈಗಿಟ್ಟು ಅಪ್ಪ ನಡುಮನೆಯಿಂದ ಎದೆಗೆ ಆನಿಸಿಕೊಂಡು ತಂದ ಬಿಳಿ ಧೋತರದ ಮಡಿಕೆಯಲ್ಲಿ ಏನಿದೆ ಎಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ.

ನಮ್ಮಲ್ಲಿ ದೊಡ್ಡವರನ್ನು ಸುಡುತ್ತಾರೆ. ಹಲ್ಲು ಬಾರದ ಕೂಸನ್ನು ಹೂಳುತ್ತಾರೆ. ಕೂಸಿನ ಸುತ್ತ ಉಪ್ಪು ಹಾಕುತ್ತಾರೆ. ಹೆಂಗಸರು ಹೋಗುವುದಿಲ್ಲ. ಹೂಳಿದವರು ತಿರುಗಿ ನೋಡಬಾರದು, ಮತ್ತೆ ಆ ಜಾಗಕ್ಕೆ ಹೋಗಬಾರದು, ಗುರುತು ಇಡಬಾರದು. ಹೋದರೆ ಆ ಜೀವ ದಾರಿ ಹಿಡಿದು ಮನೆಗೆ ಬರುತ್ತದೆ, ಮುಂದಿನ ಬಸಿರು ನಿಲ್ಲುವುದಿಲ್ಲ ಎಂಬ ನಂಬಿಕೆ. ಇಂಥದರಲ್ಲಿ ಮರಾಠಿ ಆಜಿಗೂ ನಮ್ಮವರಿಗೂ ಎಳ್ಳಷ್ಟೂ ಭೇದವಿರಲಿಲ್ಲ. ಊರಲ್ಲಾಗಿದ್ದರೆ ಇದಕ್ಕೊಂದು ಜಾಗವಿರುತ್ತಿತ್ತು, ತಲೆಮಾರುಗಳಿಂದ ಗೊತ್ತಿರುವ ಜಾಗ. ಇಲ್ಲಿ ಇನ್ನೆರಡು ವರ್ಷದಲ್ಲಿ ಊರು ಬಿಡುವವರು ನಾವು, ಎಲ್ಲಾದರೇನು ಎಂದು ಕಾಲುವೆಯ ಆಚೆ, ಯಾರ ಹೊಲವೂ ಅಲ್ಲದ ಒಂದು ಪಟ್ಟಿಯಲ್ಲಿ ಹೂಳಿ ಬಂದರು. ಇಷ್ಟನ್ನು ಬಹಳ ವರ್ಷದ ಮೇಲೆ ಶೆಟ್ಟರು ತಾವಾಗಿ ಹೇಳಿದ್ದು. ‘ಕಾಲುವೆ ಆಚೆ’ ಎಂದರು, ನಾನು ತಲೆಯಾಡಿಸಿದೆ.

ಆ ಸಂಜೆ ಆಜಿ ಬೇಳೆ ಅನ್ನ ಮಾಡಿಟ್ಟು ಹೋದಳು. ಮನೆಯಲ್ಲಿ ಉಪ್ಪಿರಲಿಲ್ಲ. ಅಪ್ಪ ಆ ಸಪ್ಪೆ ಅನ್ನವನ್ನು ತಲೆ ಎತ್ತದೆ ಪೂರ್ತಿ ಉಂಡರು. ಅವ್ವನ ಹೊರಸಿನ ಕೆಳಗೆ ಹೊಗೆ ಮಾತ್ರ ನಿಲ್ಲಲಿಲ್ಲ. ಕೂಸು ಇರಲಿ ಬಿಡಲಿ, ಬಾಣಂತಿಯ ಮೈ ಕಾಯಿಸಲೇಬೇಕೆಂದು ಆಜಿಯ ಹಟ. ನಾನು ಅವ್ವನ ಹತ್ತಿರ ಹೋಗಿ ಕೇಳಿದೆ:

“ಅವ್ವಾ, ತಂಗೀನ ಎಲ್ಲಿ ಇಟ್ಟ್ರು?”

ಅವ್ವ ಗೋಡೆಯ ಕಡೆ ಹೊರಳಿದಳು. ಪಡಸಾಲೆಯಿಂದ ಅಪ್ಪನ ದನಿ ಬಂತು.

“ಸುಮಿ, ಇನ್ನೊಮ್ಮೆ ಆ ಮಾತು ಕೇಳಬ್ಯಾಡ. ಯಾರ ಮುಂದೂ ತಗೀಬ್ಯಾಡ.”

ಅಪ್ಪ ಜೋರಾಗಿ ಹೇಳಿರಲಿಲ್ಲ, ಸಿಟ್ಟೂ ಇರಲಿಲ್ಲ. ಆದರೂ ಆ ಮಾತು ನನ್ನಲ್ಲಿ ಎಷ್ಟು ಗಟ್ಟಿಯಾಗಿ ಕೂತಿತೆಂದರೆ ಮುಂದಿನ ಐವತ್ತೈದು ವರ್ಷ ಅದನ್ನು ಮೀರುವ ಯೋಚನೆಯೂ ನನಗೆ ಬರಲಿಲ್ಲ. ಮರುದಿನ ಆಜಿ ಬಂದು ತೊಟ್ಟಿಲನ್ನು ಒಯ್ದಳು.

ಅವ್ವ ಹೊರಸು ಬಿಟ್ಟು ಎದ್ದ ಮೇಲಿನ ಮೊದಲ ರವಿವಾರ ಅಪ್ಪ ಒಂದು ಕೆಂಪು ರಟ್ಟಿನ ನೋಟ್‌ಬುಕ್ಕು ತಂದರು. ಅದನ್ನು ಕಂಕುಳಲ್ಲಿ ಇಟ್ಟುಕೊಂಡು, ಅವ್ವನನ್ನು ಕರೆದುಕೊಂಡು, ನನ್ನನ್ನು ಆಜಿಯ ಹತ್ತಿರ ಬಿಟ್ಟು ಹೊರಟರು. ಗಂಡ ಹೆಂಡತಿ ಇಬ್ಬರೇ ತಿರುಗಾಡಲು ಹೋಗುವುದು ನಮ್ಮ ಓಣಿಯಲ್ಲಿ ಸುದ್ದಿಯೇ ಸರಿ. ಆಜಿ ಹೊಸ್ತಿಲಲ್ಲೇ ತಡೆದಳು. ಎಲ್ಲಿಗೆ ಎಂದದ್ದಕ್ಕೆ ಅಪ್ಪ ತಮ್ಮ ಹರಕು ಮರಾಠಿಯಲ್ಲಿ, ಬರೆಯುವ ಹವ್ಯಾಸ ಇಟ್ಟುಕೊಂಡಿದ್ದೇನೆ, ಹೊಳೆ ಗುಡ್ಡ ನೋಡಬೇಕು, ಡಾಕ್ಟರರು ಇವಳಿಗೂ ನಡೆಯಲು ಹೇಳಿದ್ದಾರೆ ಎಂದರು.

“ಲೇಖಕ್ ಝಾಲೇ ಕಾ ಸಾಹೇಬ್?” ಎಂದು ಆಜಿ ನಕ್ಕಳು. ಸಾಹೇಬರು ಲೇಖಕರಾದರೋ ಎಂದು ಆಮೇಲೆ ಓಣಿಯೆಲ್ಲ ಚೇಷ್ಟೆ ಮಾಡಿತು. ಚೇಷ್ಟೆ ಮಾಡುವವರು ಬೇರೆ ಏನನ್ನೂ ಯೋಚಿಸಲಿಲ್ಲ. ಅಪ್ಪನಿಗೆ ಬೇಕಾದದ್ದೂ ಅಷ್ಟೇ.

ಹೀಗೆ ಪ್ರತಿ ರವಿವಾರ ನಡೆಯಿತು. ಕ್ಯಾಂಪಿನ ಹಿಂದೆ ರೇಲ್ವೆ ಗೇಟು, ಅಲ್ಲಿಂದ ಕಾಲುವೆಯ ದಂಡೆ, ಎರಡೂ ಕಡೆ ದ್ರಾಕ್ಷಿ ತೋಟ, ಕಾಲುವೆಯ ಕಲ್ಲಿನ ಸೇತುವೆ ದಾಟಿದರೆ ದಾರಣಾ ಹೊಳೆಯವರೆಗೂ ಕಾಲುದಾರಿ. ಹತ್ತು ಗಂಟೆಯ ಹೊತ್ತಿಗೆ ಇಬ್ಬರೂ ತಿರುಗಿ ಬರುತ್ತಿದ್ದರು. ಅವ್ವನ ಸೀರೆಯ ಅಂಚಿಗೆ ಹುಲ್ಲಿನ ಮುಳ್ಳು ಹತ್ತಿರುತ್ತಿತ್ತು, ಉಗುರುಗಳಲ್ಲಿ ಮಣ್ಣು. ಬಂದವಳೇ ಕೈ ತೊಳೆದು ಸಜ್ಜಿ ರೊಟ್ಟಿ ಬಡಿಯಲು ಕೂಡುತ್ತಿದ್ದಳು. ಅಪ್ಪ ಟ್ರಂಕಿನ ಮೇಲೆ ಕೂತು ನೋಟ್‌ಬುಕ್ಕು ತೆರೆಯುತ್ತಿದ್ದರು. ಆಜಿ ಒಳಗೆ ಹಣಿಕಿ ಹಾಕಿದರೆ ಏನಾದರೂ ಬರೆಯುತ್ತಿರಬೇಕಲ್ಲ, ಹಾಗಾಗಿ ಬರೆಯುತ್ತಿದ್ದರು: ಇವತ್ತು ಮಿಂಚುಳ್ಳಿ ಕಂಡೆ, ಗೇಟಿನವನು ಬೀಡಿ ಕೊಟ್ಟ, ತೋಟದ ಬಾವಿಯಿಂದ ಎತ್ತು ಎಳೆಯುವ ಮೋಟಿನ ನೀರು ಸಿಹಿ. ಬರಬರುತ್ತ ಅದರಲ್ಲಿ ಒಂದು ಚಂದ ಹುಟ್ಟಿತು. ಬರೆದದ್ದನ್ನು ದೊಡ್ಡದಾಗಿ ಓದತೊಡಗಿದರು. ಅಡುಗೆಮನೆಯಲ್ಲಿ ರೊಟ್ಟಿಯ ಸದ್ದು ನಡೆದೇ ಇರುತ್ತಿತ್ತು. ಕಾಲುವೆ ದಾಟುವಲ್ಲಿಗೆ ಬಂದಾಗ ಮಾತ್ರ ನಿಲ್ಲುತ್ತಿತ್ತು. ಅಪ್ಪನೂ ಅಲ್ಲಿ ಒಂದು ಕ್ಷಣ ನಿಂತು ಮುಂದೆ ಓದುತ್ತಿದ್ದರು.

ಮೂರು ವರ್ಷ ಮುಗಿದು ಹುಬ್ಬಳ್ಳಿಗೆ ಬಡ್ತಿ ಮೇಲೆ ವರ್ಗದ ಆರ್ಡರು ಬಂತು. ಎಲ್ಲರೂ ಹಾತೊರೆಯುವ ಜಾಗ. ಶೆಟ್ಟರು ಜಿಲೇಬಿ ಕಳಿಸಿದರು. ಅಪ್ಪ ಟ್ರಂಕುಗಳ ಮೇಲಿನ ಚಾದರ ತೆಗೆದು ಧೂಳು ಒರೆಸುತ್ತಿದ್ದಾಗ ಅವ್ವ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತಳು.

“ನೀವು ಹೋಗ್ರಿ. ನಾ ಬರೂದಿಲ್ಲ.”

“ಹಂಗಂದ್ರ ಹೆಂಗ? ಬಡ್ತಿ ಅದ. ನಮ್ಮ ಮಂದಿ ಅದಾರ ಅಲ್ಲೆ.”

“ಎಲ್ಲಾರೂ ಅಲ್ಲಿಲ್ಲಲ್ಲ.”

ಆ ಮೇಲೆ ಎಂಟು ದಿನ ಇಬ್ಬರೂ ನನ್ನ ಮುಖಾಂತರವೇ ಮಾತಾಡಿದರು. ಅಪ್ಪನಿಗೆ ಸಾರು ಬೇಕೇನು ಕೇಳು, ನಿಮ್ಮವ್ವಗ ಹಾಲಿನವ ಬಂದಾನ ಹೇಳು. ಒಂಬತ್ತನೆಯ ದಿನ ಅಪ್ಪ ಬ್ಯಾಂಕಿಗೆ ಕಾಗದ ಬರೆದು ಬಡ್ತಿ ಬೇಡವೆಂದರು. ಚಾದರ ಮತ್ತೆ ಟ್ರಂಕಿನ ಮೇಲೆ ಬಂತು. ಕಾರಕೂನರಾಗಿ ಸೇರಿದವರು ಕಾರಕೂನರಾಗಿಯೇ ನಿವೃತ್ತರಾದರು. ಅದರ ಕಹಿಯನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ. ಕಿರಿಯರು ಮೇಲಿನ ಕುರ್ಚಿಗೆ ಹೋದ ದಿನಗಳಲ್ಲಿ ಬೇಗ ಉಂಡು ಮಲಗುತ್ತಿದ್ದರು.

ನೋಟ್‌ಬುಕ್ಕಿನ ಬರಹಗಳು ಮೊದಲು ಒಂದು ವಾರಪತ್ರಿಕೆಯಲ್ಲಿ ಬಂದವು, ಆಮೇಲೆ ಪುಸ್ತಕವಾಯಿತು. ಅದರ ಹೆಸರು ಇಲ್ಲಿ ಬೇಡ, ಓದಿದವರಿಗೆ ಗೊತ್ತು. ಹೊರನಾಡಿನಲ್ಲಿ ಕೂತ ಒಬ್ಬ ಗುಮಾಸ್ತ ಮೂರು ಮೈಲಿಯ ಕಾಲುದಾರಿಯನ್ನು ಇಷ್ಟು ಪ್ರೀತಿಯಿಂದ ಬರೆದದ್ದನ್ನು ಕನ್ನಡದ ಓದುಗರು ತಲೆಯ ಮೇಲೆ ಹೊತ್ತುಕೊಂಡರು. ಮುನ್ನುಡಿಯಲ್ಲಿ ಅಪ್ಪ ‘ಈ ಹಾದಿಯ ಮೋಹಕ್ಕೆ ಬಡ್ತಿಯನ್ನು ಬಿಟ್ಟೆ’ ಎಂದು ಬರೆದಿದ್ದರು. ಎಲ್ಲರ ಬಾಯಲ್ಲಿ ನಿಂತದ್ದು ಮಾತ್ರ ಜಾಲಿ ಮರದ ಅಧ್ಯಾಯ. ಸೇತುವೆ ದಾಟಿ ಎಡಕ್ಕೆ ತಿರುಗಿದಲ್ಲಿ ಒಂದು ಜಾಲಿ, ಅದರ ಬುಡದಲ್ಲಿ ಕೂತು ಶೇಂಗಾ ಸುಲಿಯುತ್ತ ತಿಂದರೆ ‘ಸ್ವರ್ಗಕ್ಕೆ ಬೇರೆ ದಾರಿ ಯಾಕೆ’ ಎಂಬುದು ಅದರ ಕೊನೆಯ ಸಾಲು. ಓದುಗರು ಕಾಗದ ಬರೆದರು, ಕೆಲವರು ಪೊಟ್ಟಣ ಕಟ್ಟಿ ಶೇಂಗಾ ಕಳಿಸಿದರು. ನಮ್ಮ ಮನೆಯಲ್ಲಿ ಅವನ್ನು ಯಾರೂ ತಿನ್ನಲಿಲ್ಲ.

ಪುಸ್ತಕ ಬಂದ ವಾರ ಅವ್ವ ಅದನ್ನು ಅಡುಗೆಮನೆಯಲ್ಲಿ ಒಲೆಯ ಮುಂದೆ ಕೂತು ಓದಿ ಮುಗಿಸಿದಳು. ನಾನು ನಡುಮನೆಯಲ್ಲಿ ಶಾಲೆಯ ಅಭ್ಯಾಸಕ್ಕೆ ಕೂತಿದ್ದೆ. ಅವಳು ಎದ್ದು ಪಡಸಾಲೆಗೆ ಹೋಗಿ ಪುಸ್ತಕವನ್ನು ಅಪ್ಪನ ತೊಡೆಯ ಮೇಲೆ ಇಟ್ಟಳು.

“ಸ್ವರ್ಗಾ ಕಂಡೆ ಅಂತ ಬರದೀರಲ್ಲ. ಆ ಹಾದಿ ನಾವು ಯಾಕ ಹಿಡದ್ವಿ ಅನ್ನೂದು ನೆನಪದ ಏನ್ರಿ ನಿಮಗ?”

“ನೆನಪದ.”

“ಬರಿಯೋ ನೆವಾ ಮಾಡ್ಕೊಂಡು ಹೋಗೂಣು ಅಂದವ್ರು ನೀವು. ಆ ನೆವಾನ ನಿಮಗ ಖರೇ ಆತು. ಕೂಸು ಸುಳ್ಳಾತು.”

“ಮತ್ತೇನು ಬರೀಬೇಕಿತ್ತು ನಾ?”

ಅವ್ವ ಅಡುಗೆಮನೆಯ ಕಡೆ ತಿರುಗಿದಳು. ಅಪ್ಪ ಮುಂದೆ ಏನೋ ಹೇಳಹೊರಟು ನನ್ನನ್ನು ಕಂಡು ಸುಮ್ಮನಾದರು. ನಮ್ಮ ಮನೆಯಲ್ಲಿ ಅರ್ಧಕ್ಕೆ ನಿಂತ ಮಾತುಗಳನ್ನು ಯಾರೂ ಪೂರ್ತಿ ಮಾಡುತ್ತಿರಲಿಲ್ಲ. ಅವತ್ತಿನಿಂದ ಅವ್ವ ಅಪ್ಪನ ಜೊತೆ ನಡೆಯುವುದನ್ನು ಬಿಟ್ಟಳು. ಗುರುವಾರ ಸಂತೆಯ ಚೀಲ ಹಿಡಿದು ಒಬ್ಬಳೇ ಹೋಗುತ್ತಿದ್ದಳು. ಬರುವಾಗ ಚೀಲದಲ್ಲಿ ಒಂದು ಕಟ್ಟು ಮೆಂತ್ಯೆ ಇರುತ್ತಿತ್ತು. ರವಿವಾರ ಅಪ್ಪ ನನ್ನನ್ನು ಕರೆದೊಯ್ಯತೊಡಗಿದರು. ಸೇತುವೆ ದಾಟಿ ಜಾಲಿಯ ಬುಡಕ್ಕೆ ಬಂದಾಗ ಅಲ್ಲಿ ಕೂತು ಕಿಸೆಯಿಂದ ಶೇಂಗಾ ತೆಗೆದು ನನ್ನ ಕೈಯಲ್ಲಿ ಹಾಕುತ್ತಿದ್ದರು. ತಾವು ತಿನ್ನುತ್ತಿರಲಿಲ್ಲ, ಮಾತಾಡುತ್ತಲೂ ಇರಲಿಲ್ಲ. ಅವ್ವನ ಆ ಮಾತು, ಅಪ್ಪನ ಈ ಮೌನ, ಎರಡನ್ನೂ ಕೂಡಿಸಿ ಹನ್ನೆರಡು ವರ್ಷದ ನಾನು ತಿಳಿದುಕೊಂಡೆ: ತಂಗಿ ಇಲ್ಲೇ ಇದ್ದಾಳೆ, ಈ ಜಾಲಿಯ ಬುಡದಲ್ಲಿ. ಬಾಯಲ್ಲಿದ್ದ ಶೇಂಗಾವನ್ನು ಉಗುಳದೆ ನುಂಗಿದೆ.

ಅಪ್ಪ ತೀರಿಕೊಂಡ ಮೇಲೆ ಅವ್ವ ನಾಶಿಕ್ ರೋಡಿನ ನನ್ನ ಫ್ಲ್ಯಾಟಿಗೆ ಬಂದಳು. ಬರುವಾಗ ಆ ಟ್ರಂಕುಗಳನ್ನು ಬಿಚ್ಚಿದರೆ ಒಳಗೆ ಹುಳು ತಿಂದ ಜಮಖಾನೆಗಳಿದ್ದವು, ಅಷ್ಟೇ. ಮೊಣಕಾಲು ಹಿಡಿದು ಅವಳ ನಡಿಗೆ ಬಾಲ್ಕನಿಗೂ ದೇವರ ಗೂಡಿಗೂ ಇಳಿಯಿತು. ಹಾದಿಯ ಮಾತು ಅವಳು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಹೀಗಿರುವಾಗ ಕಳೆದ ಚಳಿಗಾಲ ಮಹಾಂತೇಶ ಎಂಬವರು ಫೋನ್ ಮಾಡಿದರು. ಬಾಗಲಕೋ‌ಟೆ ಕಡೆಯವರು, ಸಂಭಾಜಿನಗರದ ಹತ್ತಿರ ವಾಳೂಜಿನ ಒಂದು ಕಾರ್ಖಾನೆಯಲ್ಲಿ ಇಂಜಿನಿಯರು, ಅಪ್ಪನ ಪುಸ್ತಕವೆಂದರೆ ಜೀವ. ಸಂಭಾಜಿನಗರದ ಮತ್ತು ನಾಶಿಕದ ಕನ್ನಡಿಗರು ಸೇರಿ ಅಪ್ಪನ ಹಾದಿಯಲ್ಲಿ ಒಟ್ಟಾಗಿ ನಡೆಯುವುದು, ಪುಸ್ತಕದಲ್ಲಿ ಬರುವ ಜಾಗಗಳಲ್ಲಿ ನಿಂತು ಓದುವುದು, ಕೊನೆಗೆ ಜಾಲಿಯ ಹತ್ತಿರ ಒಂದು ಕರಿಕಲ್ಲಿನ ಫಲಕ ನಿಲ್ಲಿಸುವುದು ಎಂದು ಗೊತ್ತು ಮಾಡಿದ್ದರು. ತೋಟದವನ ಒಪ್ಪಿಗೆಯನ್ನೂ ಪಡೆದಾಗಿತ್ತು.

“ಫಲಕ ಹೆಂಗ ನಿಲ್ಲಸ್ತೀರಿ?” ಎಂದೆ.

“ಎರಡು ಫೂಟು ತಗ್ಗು ತಗದು ಸಿಮೆಂಟ್ ಹಾಕಿ ಪಕ್ಕಾ ಮಾಡ್ತೀವ್ರೀ ಮೇಡಂ. ನೂರು ವರ್ಷ ಅಲ್ಲಾಡಬಾರದು.”

ಫೋನ್ ಇಟ್ಟ ಮೇಲೆ ಲೆಕ್ಕ ಹಾಕಿದೆ. ಎರಡು ಅಡಿ ಎಂದರೆ ಶೆಟ್ಟರ ಸಲಿಕೆ ಅವತ್ತು ಎಷ್ಟು ಆಳಕ್ಕೆ ಹೋಗಿರಬಹುದೋ ಹೆಚ್ಚು ಕಡಿಮೆ ಅಷ್ಟೇ. ಬೇಡ ಎನ್ನಬಹುದಿತ್ತು. ಬೇಡ ಎಂದರೆ ಯಾಕೆ ಎನ್ನುತ್ತಾರೆ. ಯಾಕೆ ಎನ್ನುವುದಕ್ಕೆ ಉತ್ತರ ಹೇಳುವ ಬಾಯಿ ನನಗೆ ಇರಲಿಲ್ಲ. ಆ ಸಂಜೆ ಅವ್ವನಿಗೆ ಗಂಜಿ ಕುಡಿಸುವಾಗ ಮೇಲು ಮೇಲೆ ಹೇಳಿದೆ.

“ಅಪ್ಪನ ಹಾದಿಯೊಳಗ ಮಂದಿ ನಡಕೋತ ಹೋಗ್ತಾರಂತವ್ವ. ಒಂದು ಕಲ್ಲು ನಿಲ್ಲಸ್ತಾರಂತ.”

“ಎಲ್ಲಿ?”

“ಜಾಲಿ ಹತ್ರ.”

ಅವ್ವ ಬಾಯಿ ಒರೆಸಿಕೊಂಡಳು. “ಜಾಲಿ ಹತ್ರ ಅಂದ್ರ ನಿಲ್ಲಿಸ್ಲಿ ಬಿಡು,” ಎಂದಳು.

ಆ ದನಿಯಲ್ಲಿ ಏನೂ ಇರಲಿಲ್ಲ. ಏನೂ ಇಲ್ಲದ ದನಿಯನ್ನೇ ನಾನು ಹುಟ್ಟಿದಾಗಿನಿಂದ ಓದಿದವಳು. ಇಷ್ಟು ವರ್ಷ ನುಂಗಿದವಳು ಇದನ್ನೂ ನುಂಗುತ್ತಿದ್ದಾಳೆ, ಎಂಬತ್ತಾರನೆಯ ವಯಸ್ಸಿನಲ್ಲಿ ತನ್ನ ಕೂಸಿನ ಮೇಲೆ ಗುದ್ದಲಿ ಬೀಳಲೆಂದು ಒಪ್ಪುತ್ತಿದ್ದಾಳೆ ಎಂದು ತಿಳಿದುಕೊಂಡೆ. ಇದನ್ನು ನಾನು ಆಗಗೊಡುವುದಿಲ್ಲ, ಅವಳಿಗೆ ಒಂದು ಮಾತೂ ಆಡಿಸದೆ ತಪ್ಪಿಸುತ್ತೇನೆ ಎಂದು ನಿಶ್ಚಯಿಸಿದೆ. ಮಗಳಾಗಿ ಅವಳಿಗೆ ಮಾಡಬಹುದಾದ ದೊಡ್ಡ ಕೆಲಸ ಇದೇ ಎಂದು ಆ ವಾರವೆಲ್ಲ ಒಂಥರಾ ಹಿಗ್ಗಿನಲ್ಲಿದ್ದೆ.

ಆ ರವಿವಾರ ಮೂವತ್ತು ಜನ ಸೇರಿದರು. ಮೊದಲು ರೇಲ್ವೆ ಗೇಟು ಇದ್ದಲ್ಲಿ ಮಹಾಂತೇಶ ನನಗೆ ಹಾರ ಹಾಕಿದರು. ಅವರ ಮಗಳು ಕಾಲೇಜು ಹುಡುಗಿ, ಕನ್ನಡ ತಿಳಿಯುತ್ತದೆ, ಬಾಯಿ ಬಿಟ್ಟರೆ ಮರಾಠಿ. ಅಪ್ಪನ ಸಾಲುಗಳನ್ನು ದೇವನಾಗರಿಯಲ್ಲಿ ಬರೆದುಕೊಂಡು ಬಂದು ಪ್ರತಿ ನಿಲುಗಡೆಯಲ್ಲಿ ಓದಿದಳು. ಗೇಟಿನವನ ಬೀಡಿ, ಮಿಂಚುಳ್ಳಿ, ಮೋಟಿನ ಸಿಹಿ ನೀರು. ಗೇಟು ಈಗ ಮೇಲ್ಸೇತುವೆ, ಮೋಟು ಹೋಗಿ ಪಂಪು ಬಂದಿದೆ, ತೋಟಗಳಿಗೆ ಬಲೆ ಹೊದಿಸಿದ್ದಾರೆ. ಜನ ಎಲ್ಲದರ ಫೋಟೋ ತೆಗೆದರು. ಎಲ್ಲರ ಚೀಲದಲ್ಲೂ ಶೇಂಗಾ ಇತ್ತು. ಸೇತುವೆ ದಾಟಿದ ಮೇಲೆ ನಾನು ಗುಂಪಿನ ಹಿಂದೆ ಉಳಿದೆ. ಎಡತಿರುವಿನಲ್ಲಿ ಒಂದು ಜಾಲಿ, ಅದರ ನೆರಳಲ್ಲಿ ಟೆಂಪೋದಿಂದ ಇಳಿಸಿದ ಫಲಕ, ಪಕ್ಕದಲ್ಲಿ ಗುದ್ದಲಿ ಹಿಡಿದು ಕೂತ ಗೌಂಡಿ.

“ಕಾಕೂ, ಹೇಚ್ ನಾ ತೇ ಝಾಡ್?” ಎಂದು ಹುಡುಗಿ ನನ್ನ ಮುಖಕ್ಕೆ ಫೋನ್ ಹಿಡಿದಳು. ಇದೇ ಅಲ್ಲವೇ ಆ ಮರ?

ನಾನು ಸಿದ್ಧಮಾಡಿಕೊಂಡು ಬಂದಿದ್ದೆ. ಇದಲ್ಲ ಎಂದೆ. ಪುಸ್ತಕದಲ್ಲಿ ಜಾಲಿ ಎಂದು ಬರೆದರು, ಬರೆಯುವಾಗ ಹಾಗೆ ಚಂದ ಕಂಡಿರಬೇಕು. ಅಪ್ಪ ನಿಜವಾಗಿ ಕೂಡುತ್ತಿದ್ದದ್ದು ಇನ್ನೂ ನೂರು ಹೆಜ್ಜೆ ಮುಂದೆ, ಬಲಕ್ಕಿರುವ ಹುಣಸೆಯ ಕೆಳಗೆ. ಆ ಹಾದಿಯಲ್ಲಿ ಅದೇ ಎಲ್ಲಕ್ಕಿಂತ ದೊಡ್ಡ ಮರ. ಅಪ್ಪನ ಪುಸ್ತಕದಲ್ಲಿ ಅದರ ಬಗ್ಗೆ ಒಂದಕ್ಷರವೂ ಇಲ್ಲ, ಹಾಗಾಗಿ ಅಲ್ಲಿ ಏನು ಮಾಡಿದರೂ ಯಾರಿಗೂ ನೋವಾಗದು ಎಂದು ಅದನ್ನೇ ಆರಿಸಿದ್ದೆ. ಮಹಾಂತೇಶರ ಕಣ್ಣು ಅರಳಿದವು. “ಇದು ಯಾರಿಗೂ ಗೊತ್ತಿರದ ವಿಷಯ ನೋಡ್ರಿ,” ಎಂದು ಬರೆದುಕೊಂಡರು. ಫಲಕವನ್ನು ನಾಲ್ಕು ಜನ ಹೊತ್ತರು. ಗೌಂಡಿ ಹುಣಸೆಯ ಬುಡದಿಂದ ಎರಡು ಮಾರು ಬಿಟ್ಟು, ಬೇರು ಇಲ್ಲದ ಮೆತ್ತನೆಯ ಜಾಗ ನೋಡಿ ಗುದ್ದಲಿ ಹಾಕಿದ. ಗೇಣು ಅಗೆಯುವುದರೊಳಗೆ ಕಲ್ಲು ಸಿಕ್ಕವು, ಅಂಗೈಯಗಲದ ಹೊಳೆಗಲ್ಲು, ಒಂದರ ಮೇಲೊಂದು ನೀಟಾಗಿ. ಹಳೆಯ ಒಡ್ಡಿನ ಕಲ್ಲು ಇರಬೇಕು ಎಂದ ಗೌಂಡಿ, ತುಂಬಲು ಬರುತ್ತವೆ ಎಂದು ಬದಿಗೆ ಒಟ್ಟಿದ. ಸಿಮೆಂಟ್ ಸುರಿಯುವಾಗ ಒಂದು ಕಲ್ಲನ್ನು ನಾನೇ ಎತ್ತಿ ಅವನ ಕೈಗೆ ಕೊಟ್ಟೆ. ಎಲ್ಲರೂ ಚಪ್ಪಾಳೆ ತಟ್ಟಿದರು.

ಮಧ್ಯಾಹ್ನ ಮನೆಗೆ ಬಂದಾಗ ಅವ್ವ ಬಾಲ್ಕನಿಯ ಕುರ್ಚಿಯಲ್ಲಿದ್ದಳು. ನಾನು ಅವಳ ಕಾಲ ಹತ್ತಿರ ಕೂತೆ. ಆವತ್ತಿನ ಹಿಗ್ಗಿನಲ್ಲಿ ಐವತ್ತೈದು ವರ್ಷದ ಕಟ್ಟು ಒಡೆಯಿತು.

“ತಪ್ಪಿಸಿ ಬಂದೆನವ್ವ. ಜಾಲಿ ಹತ್ರ ಹಾಕಗೊಡಲಿಲ್ಲ.”

“ಯಾಕ?”

“ಕೂಸಿನ ಜಾಗಾ ಅಲ್ಲೇನು ಅದು?”

ಅವ್ವ ನನ್ನ ಕಡೆ ಹೊರಳಿದಳು. “ಹಂಗಂತ ಯಾರು ಹೇಳಿದ್ರು ನಿನಗ?”

“ಯಾರೂ ಹೇಳಿಲ್ಲ. ನಾನ ತಿಳಕೊಂಡಿದ್ದೆ.”

“ಕಲ್ಲು ಎಲ್ಲಿ ಹಾಕಿಸಿದಿ?”

“ಹುಣಸಿ ಕೆಳಗ.”

ಅವಳು ಕುರ್ಚಿಯ ಕೈ ಹಿಡಿದು ಏಳಲು ನೋಡಿ ಮತ್ತೆ ಕೂತಳು. ದನಿ ಏರಲಿಲ್ಲ.

“ಹುಣಸಿ ಕೆಳಗನ ಅದ ಸುಮಿ, ಕೂಸು. ಜಾಲಿ ಬುಡಕ ಏನೂ ಇಲ್ಲ. ಅದು ನಿಮ್ಮಪ್ಪ ಬೇಕಂತ ಬರದದ್ದು. ಮಂದಿ ಎಲ್ಲ ಆ ಕಡೆ ಹೋಗಿ ಕುಂದರಲಿ, ಈ ಕಡೆ ಯಾರೂ ಹಣಿಕಿ ಹಾಕಬಾರದು ಅಂತ. ನನಗೂ ಹೇಳಿದ್ದಿಲ್ಲ. ದವಾಖಾನ್ಯಾಗ ಕಡೀಕ ಹೇಳಿದ್ರು. ಅಲ್ಲೀತನಕ ನಾ ಅವರ ಮ್ಯಾಲೆ ಸಿಟ್ಟು ಮಾಡಕೋತನ ಇದ್ದೆ.”

ಒಂದು ಮಿಂಚುಳ್ಳಿಯನ್ನೂ ಬಿಡದೆ ಬರೆದ ಮನುಷ್ಯ ಹಾದಿಯ ಅತಿ ದೊಡ್ಡ ಮರವನ್ನು ಯಾಕೆ ಬಿಟ್ಟ ಎಂದು ಒಮ್ಮೆಯೂ ಯೋಚಿಸದ ನನ್ನ ಜಾಣತನಕ್ಕೆ ಬೆಂಕಿ ಬೀಳಲಿ ಎನಿಸಿತು. ಗಂಜಿ ಕುಡಿಸಿದ ಸಂಜೆ ಒಂದೇ ಒಂದು ಮಾತು ಕೇಳಿದ್ದರೆ ಸಾಕಿತ್ತು.

“ಅಗದಾಗ ಏನರ ಸಿಕ್ತೇನು?” ಎಂದಳು.

“ಕಲ್ಲು. ಹೊಳಿ ಕಲ್ಲು.”

“ರವಿವಾರಕ್ಕೊಂದು ತಂದು ಮಣ್ಣಾಗ ಮುಚ್ಚಿ ಇಡ್ತಿದ್ವಿ. ಮ್ಯಾಲೆ ಕಾಣಬಾರದಲ್ಲ.” ಕೋಲನ್ನು ಹತ್ತಿರ ಎಳೆದುಕೊಂಡು, “ನಾಳೆ ನನ್ನ ಕರಕೊಂಡು ಹೋಗು,” ಎಂದಳು.

ಮರುದಿನ ಬೆಳಿಗ್ಗೆ ಆಟೋ ಸೇತುವೆಯವರೆಗೂ ಹೋಯಿತು. ಅಲ್ಲಿಂದ ಅವಳು ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈ ನನ್ನ ಭುಜದ ಮೇಲೆ ಇಟ್ಟು ನಡೆದಳು. ಜಾಲಿಯ ಕಡೆ ತಿರುಗಿಯೂ ನೋಡಲಿಲ್ಲ. ಹುಣಸೆಯ ಕೆಳಗೆ ಶೇಂಗಾ ಸಿಪ್ಪೆ ಬಿದ್ದಿದ್ದವು. ಸಿಮೆಂಟಿನ ಕಟ್ಟೆ ಇನ್ನೂ ಹಸಿ ಬಣ್ಣದಲ್ಲಿತ್ತು, ಅದರ ಮೇಲೆ ಕರಿಕಲ್ಲು, ಕಲ್ಲಿನ ಮೇಲೆ ಅಪ್ಪನ ಹೆಸರು ಮತ್ತು ಎಲ್ಲರಿಗೂ ಗೊತ್ತಿರುವ ಆ ಸಾಲು. ಅವ್ವ ಅದನ್ನು ಬೆರಳಿಟ್ಟು ನಿಧಾನವಾಗಿ ಓದಿದಳು.

“ಇವತ್ತ ಫೋನ್ ಮಾಡ್ತೀನವ್ವ,” ಎಂದೆ. “ಎಲ್ಲಾ ಹೇಳಿ ತಗಸ್ತೀನಿ.”

“ಬ್ಯಾಡ.”

“ಹಿಂಗ ಬಿಡೂದೇನು?”

“ತಗೀಬೇಕಂದ್ರ ಮತ್ತ ಅಗೀಬೇಕಾಗ್ತದ,” ಎಂದಳು.

ಕೂಡಲು ಅಲ್ಲಿ ಆ ಕಟ್ಟೆಯೊಂದೇ ಇತ್ತು. ಅವಳ ಭಾರವೆಲ್ಲ ನನ್ನ ಭುಜದ ಮೇಲಿತ್ತು. ಆದರೂ ಅವ್ವ ಕೂಡಲಿಲ್ಲ. ಸೇತುವೆಯ ಹತ್ತಿರದಿಂದ ಆಟೋದವನು ಎರಡು ಸಲ ಹಾರ್ನು ಹಾಕುವವರೆಗೂ ನಿಂತೇ ಇದ್ದಳು.